ಹೊಸ ಉಪಾಧ್ಯಾಯಿನಿಯ ಮೊದಲ ವರ್ಷ

ಮರದಿಂದ ಇಳಿಸಿದ ಮಾವಿನಕಾಯಿಯನ್ನು ಯಾವ ಗೃಹಿಣಿಯೂ ಅಂದೇ ಹೆಚ್ಚಿ ತಟ್ಟೆಗೆ ಬಡಿಸುವುದಿಲ್ಲ. ಹುಲ್ಲು ಹಾಸಿ, ಕಾಯಿಗಳನ್ನು ಪದರಪದರವಾಗಿ ಜೋಡಿಸಿ, ಮೇಲೆ ಮತ್ತೆ ಹುಲ್ಲು ಹೊದಿಸಿ ಅಡೆ ಹಾಕುವುದು ವಾಡಿಕೆ. ಆ ಬೆಚ್ಚನೆಯ ಕೆಲವು ದಿನಗಳು ದೊರೆಯದಿದ್ದರೆ ಒಳ್ಳೆಯ ಜಾತಿಯ ಕಾಯಿಯೂ ಹುಳಿಯಾಗಿಯೇ ಉಳಿದು ಸುಕ್ಕುಗಟ್ಟುತ್ತದೆ. ಬೆಂಗಳೂರಿನ ದಕ್ಷಿಣ ದಿಕ್ಕಿನಲ್ಲಿ, ಬನ್ನೇರುಘಟ್ಟದ ರಸ್ತೆಯ ಮೇಲಿರುವ ಹುಳಿಮಾವು ಎಂಬ ಊರಿನ ಹೆಸರು ಕಿವಿಗೆ ಬಿದ್ದಾಗ ಈ ಸಂಗತಿ ನೆನಪಿಗೆ ಬರುವುದು ಸಹಜ. ಆದರೆ ಈ ವಾರದ ಪ್ರಸ್ತಾಪ ಮಾವಿನದಲ್ಲ. ಜೂನ್ ತಿಂಗಳ ಮೊದಲ ದಿನಗಳಲ್ಲಿ ಆ ಊರಿನ ಓಣಿಗಳಿಂದ ಹೊಸ ಕೈಚೀಲ ಹಿಡಿದು, ಮೊದಲ ಬಾರಿಗೆ ಶಾಲೆಯ ಕಡೆಗೆ ಹೊರಡುವ ಹೊಸ ಉಪಾಧ್ಯಾಯಿನಿಯರದು.

ಹುಳಿಮಾವು ಒಂದು ಕಾಲಕ್ಕೆ ಕೆರೆ, ತೋಟ, ಗವಿಯೊಳಗಿನ ಶಿವಾಲಯ ಇವುಗಳಿಂದ ಗುರುತಿಸಿಕೊಳ್ಳುತ್ತಿದ್ದ ಹಳ್ಳಿ. ಗವಿಯ ರಾಮಲಿಂಗೇಶ್ವರ ಇಂದಿಗೂ ಅಲ್ಲಿಯೇ ನೆಲೆಸಿದ್ದಾನೆ, ಕೆರೆಯೂ ಉಂಟು. ಸುತ್ತಲಿನ ಊರು ಮಾತ್ರ ಹಳಬರಿಗೆ ಗುರುತು ಸಿಕ್ಕದಷ್ಟು ಬೆಳೆದಿದೆ. ಒಂದೆಡೆ ಬಹುಮಹಡಿಯ ವಸತಿ ಸಮುಚ್ಚಯಗಳು, ಇನ್ನೊಂದೆಡೆ ಕಟ್ಟಡದ ಕೆಲಸಕ್ಕೆಂದು ದೂರದ ನಾಡುಗಳಿಂದ ಬಂದವರ ತಗಡಿನ ಮನೆಗಳು, ನಡುವೆ ಮೂಲನಿವಾಸಿಗಳ ಹಳೆಯ ಮನೆಗಳು. ಈ ಮೂರು ಲೋಕಗಳ ಮಕ್ಕಳೂ ಬೆಳಗಾದೊಡನೆ ಒಂದಲ್ಲ ಒಂದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗೆ ಅವರನ್ನು ಎದುರುಗೊಳ್ಳುವವರಲ್ಲಿ ಕೆಲವರಿಗೆ ಇನ್ನೂ 22–23ರ ಪ್ರಾಯ.

ಈ ಬಾಗಿಲಿನವರೆಗೆ ಬರುವುದೇ ಸಣ್ಣ ಸಾಹಸವಲ್ಲ. ಹಿಂದೆ ಒಂದು ವರ್ಷದ್ದಾಗಿದ್ದ ಬಿ.ಎಡ್. ಶಿಕ್ಷಣ 2015ರಿಂದ ಎರಡು ವರ್ಷದ್ದಾಯಿತು; ಅದರಲ್ಲಿ 20 ವಾರಗಳನ್ನು ಶಾಲೆಗಳಲ್ಲಿಯೇ ಕಳೆಯಬೇಕೆಂಬ ನಿಯಮವೂ ಬಂದಿತು. ಮಕ್ಕಳ ಕಡ್ಡಾಯ ಶಿಕ್ಷಣದ ಕಾಯಿದೆ ಜಾರಿಗೆ ಬಂದ 2010ರಲ್ಲಿಯೇ ಉಪಾಧ್ಯಾಯರಿಗೆ ಅರ್ಹತಾ ಪರೀಕ್ಷೆಯನ್ನೂ ಗೊತ್ತುಮಾಡಲಾಯಿತು. ಸರ್ಕಾರಿ ನೌಕರಿ ಬೇಕೆಂದರೆ ಅದರ ಮೇಲೆ ನೇಮಕಾತಿಯ ಸ್ಪರ್ಧಾ ಪರೀಕ್ಷೆ ಬೇರೆ. ಇಷ್ಟು ಹೊಸ್ತಿಲುಗಳನ್ನು ದಾಟಿಸುವ ಮುನ್ನ ಸಮಾಜ ನೂರು ಪ್ರಶ್ನೆ ಕೇಳುತ್ತದೆ. ದಾಟಿ ಒಳಗೆ ಹೋದ ಮೇಲೆ, ‘ಹೇಗಿದ್ದೀಯಮ್ಮ, ಪಾಠ ಹೇಗೆ ನಡೆಯುತ್ತಿದೆ?’ ಎಂದು ಕೇಳುವವರು ಮಾತ್ರ ವಿರಳ.

ನಿದರ್ಶನಕ್ಕೆ ಇಂಥ ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳಬಹುದು. ಮೊದಲ ದಿನ ಮುಖ್ಯೋಪಾಧ್ಯಾಯಿನಿಯವರು ಆಕೆಯ ಕೈಗೆ ಹಾಜರಿ ಪುಸ್ತಕವನ್ನೂ ವೇಳಾಪಟ್ಟಿಯನ್ನೂ ಕೊಟ್ಟು, “ಮೂರನೇ ತರಗತಿ, ಬಿ ವಿಭಾಗ. ಮೆಟ್ಟಿಲು ಹತ್ತಿ ಎಡಗಡೆ,” ಎನ್ನುತ್ತಾರೆ. ಸ್ವಾಗತ ಸಮಾರಂಭ ಅಲ್ಲಿಗೆ ಮುಗಿಯಿತು. ಆ ವಿಭಾಗ ಯಾರಿಗೂ ಬೇಡವಾದ್ದರಿಂದ ತನ್ನ ಪಾಲಿಗೆ ಬಂದಿತೆಂಬುದು ಆಕೆಗೆ ತಿಳಿಯಲು ಒಂದು ವಾರವಾದರೂ ಬೇಕು. ಹಳಬರು ತಮಗೆ ಒಗ್ಗಿದ ತರಗತಿಗಳನ್ನು ಉಳಿಸಿಕೊಳ್ಳುವುದೂ, ಹೊಸಬರ ತಲೆಗೆ ಒರಟು ಹೊರೆ ಕಟ್ಟುವುದೂ ಅನೇಕ ಶಾಲೆಗಳಲ್ಲಿ ಯಾರ ದುರುದ್ದೇಶವೂ ಇಲ್ಲದೆ ತಾನಾಗಿ ನಡೆದುಬಂದ ಪದ್ಧತಿ. ಹೊಸದಾಗಿ ಬಂದ ವೈದ್ಯನಿಗೆ ಮೊದಲ ದಿನವೇ ಅತ್ಯಂತ ಕಠಿಣವಾದ ಶಸ್ತ್ರಚಿಕಿತ್ಸೆಯನ್ನು ಒಪ್ಪಿಸುವ ಆಸ್ಪತ್ರೆ ಇರಲಾರದು. ಶಾಲೆಯಲ್ಲಿ ಅದನ್ನು ಯಾರೂ ವಿಪರೀತವೆಂದು ಎಣಿಸುವುದಿಲ್ಲ.

ಟ್ರೈನಿಂಗಿನಲ್ಲಿ ಪಾಠ ಮಾಡಿ ಅಭ್ಯಾಸವಿಲ್ಲವೇ ಎಂದರೆ, ಉಂಟು. ಆದರೆ ಬೋಧನಾಭ್ಯಾಸದ ಆ ತರಗತಿ ಬೇರೊಬ್ಬರ ಸೊತ್ತು. ಮಕ್ಕಳಿಗೆ ಶಿಸ್ತು ಕಲಿಸಿಟ್ಟವರು ಅವರು. ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದವರು ಕಾಲೇಜಿನ ಅಧ್ಯಾಪಕರು. ಒಂದು ಪಾಠಯೋಜನೆಯನ್ನು ಮೂರು ರಾತ್ರಿ ಕುಳಿತು ಬರೆದು, ಬಣ್ಣದ ಚಿತ್ರಪಟ ಮಾಡಿ, ನಲವತ್ತು ನಿಮಿಷ ನಡೆಸಿದರೆ ಅಂದಿನ ಕರ್ತವ್ಯ ಮುಗಿಯುತ್ತಿತ್ತು. ಈಗ ದಿನಕ್ಕೆ ಆರು ಪಾಠ. ಎರಡನೆಯ ಪಾಠದ ನಡುವೆ ಒಂದು ಮಗುವಿಗೆ ಮೂಗಿನಲ್ಲಿ ರಕ್ತ. ಮೂರನೆಯದರಲ್ಲಿ ಪೆನ್ಸಿಲ್ ಕಳುವಾದ ದೂರು. ನಾಲ್ಕನೆಯದರಲ್ಲಿ ಕಚೇರಿಗೆ ತಕ್ಷಣ ಬೇಕಾದ ಯಾವುದೋ ಪಟ್ಟಿ. ಇವಕ್ಕೆಲ್ಲ ಯಾವ ಪಾಠಯೋಜನೆಯಲ್ಲಿಯೂ ಅಂಕಣ ಹಾಕಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ತರುಣಿಯ ಗಂಟಲು ಕಟ್ಟಿರುತ್ತದೆ. ರಾತ್ರಿ ಹನ್ನೊಂದರವರೆಗೆ ತಿದ್ದಿದರೂ ಪುಸ್ತಕಗಳ ರಾಶಿ ಕರಗದು. ಮೂರನೆಯ ಸಾಲಿನಲ್ಲಿ ಕುಳಿತುಕೊಳ್ಳುವ ಹುಡುಗನೊಬ್ಬ ಒಂದು ದಿನವೂ ಬಾಯಿ ಬಿಟ್ಟಿಲ್ಲ. ಕಟ್ಟಡದ ಕೆಲಸಕ್ಕೆ ಒಡಿಶಾದಿಂದ ಬಂದವರ ಮಗ; ‘ಪುಸ್ತಕ ತೆಗೆ’ ಎಂದರೆ ಸುಮ್ಮನೆ ಮುಖ ನೋಡುತ್ತಾನೆ. ಅದು ಹಟವೋ, ಭಯವೋ, ಮಂದಬುದ್ಧಿಯೋ ಆಕೆಗೆ ತಿಳಿಯದು. ಉಪಾಧ್ಯಾಯರ ಕೊಠಡಿಯಲ್ಲಿ ಯಾರನ್ನಾದರೂ ಕೇಳಬೇಕೆಂದು ಬಾಯಿಗೆ ಬಂದ ಮಾತು, ‘ಇಷ್ಟೂ ಗೊತ್ತಿಲ್ಲವೇ, ಟ್ರೈನಿಂಗ್ ಆಗಿದೆಯಲ್ಲ?’ ಎಂಬ ಉತ್ತರವನ್ನು ಊಹಿಸಿಕೊಂಡು ಮರಳಿ ಗಂಟಲಿಗೆ ಇಳಿಯುತ್ತದೆ. ನಾಲ್ಕು ಗೋಡೆಗಳ ನಡುವೆ ನಲವತ್ತು ಮಕ್ಕಳ ಜೊತೆಗಿದ್ದೂ ಒಂಟಿಯಾಗಿರುವ ವೃತ್ತಿ ಇದೊಂದೇ ಇರಬೇಕು.

ಇಲ್ಲಿಂದ ಮುಂದೆ ದಾರಿ ಎರಡಾಗಿ ಒಡೆಯುತ್ತದೆ. ಕೆಲವರು ಒಂದೆರಡು ವರ್ಷ ನೋಡಿ, ವೃತ್ತಿಗೇ ಕೈಮುಗಿದು ಹೊರಡುತ್ತಾರೆ. ಅದು ಎಲ್ಲರಿಗೂ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ: ಹೆಚ್ಚಿನವರು ಹೊರಡುವುದಿಲ್ಲ, ಗಟ್ಟಿಯಾಗುತ್ತಾರೆ. ಮೇಜಿನ ಮೇಲೆ ಕೋಲು ಕುಟ್ಟಿದರೆ ಗದ್ದಲ ನಿಲ್ಲುತ್ತದೆಂದು ಕಂಡುಕೊಳ್ಳುತ್ತಾರೆ. ಹಲಗೆಯ ಮೇಲಿನ ಉತ್ತರವನ್ನು ಮಕ್ಕಳು ನಕಲು ಮಾಡಿಕೊಂಡರೆ ಪುಸ್ತಕ ತಿದ್ದುವುದು ಸುಲಭವೆಂದು ತಿಳಿಯುತ್ತದೆ. ಮಾತನಾಡದ ಹುಡುಗನನ್ನು ಮಾತನಾಡಿಸದಿದ್ದರೆ ಅಂದಿನ ಪಾಠ ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಮೊದಲ ವರ್ಷ ಪ್ರಾಣ ಉಳಿಸಿಕೊಳ್ಳಲು ಹಿಡಿದ ಈ ಉಪಾಯಗಳು ಮುಂದಿನ ಮೂವತ್ತು ವರ್ಷಗಳ ಅಭ್ಯಾಸವಾಗಿ ನಿಲ್ಲುತ್ತವೆ. ಅಷ್ಟು ವರ್ಷಗಳಲ್ಲಿ ಒಬ್ಬ ಉಪಾಧ್ಯಾಯಿನಿಯ ಕೈಕೆಳಗೆ ಸಾವಿರಕ್ಕೂ ಮೀರಿದ ಮಕ್ಕಳು ಹಾದುಹೋಗುತ್ತಾರೆಂಬುದನ್ನು ಎಣಿಸಿದರೆ, ಆ ಮೊದಲ ವರ್ಷದ ಬೆಲೆ ಎಷ್ಟೆಂಬುದು ತಿಳಿದೀತು.

ಸರ್ಕಾರ ಈ ವಿಷಯದಲ್ಲಿ ಕೈಕಟ್ಟಿ ಕುಳಿತಿದೆ ಎನ್ನಲಾಗದು. ಭಾರತದ ಶಿಕ್ಷಣವನ್ನು ಸಮಗ್ರವಾಗಿ ಪರಿಶೀಲಿಸಿದ ಕೊಠಾರಿ ಆಯೋಗ (1964–66) ಪ್ರತಿಯೊಬ್ಬ ಉಪಾಧ್ಯಾಯನಿಗೂ ಪ್ರತಿ ಐದು ವರ್ಷಗಳ ಸೇವೆಯಲ್ಲಿ ಎರಡು ಮೂರು ತಿಂಗಳ ಕಾಲ ಮರುಶಿಕ್ಷಣ ದೊರೆಯಬೇಕೆಂದು ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗಳಲ್ಲಿ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಉಪಾಧ್ಯಾಯರ ಬಾಯಲ್ಲಿ ‘ಡಯಟ್’ಗಳು, ಹುಟ್ಟಿದವು. 1990ರ ದಶಕದಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳೂ, ಹತ್ತಾರು ಶಾಲೆಗಳಿಗೆ ಒಂದರಂತೆ ಸಮೂಹ ಸಂಪನ್ಮೂಲ ಕೇಂದ್ರಗಳೂ ಬಂದವು. ಈ ಎಲ್ಲ ತರಬೇತಿಗಳ ಸೂತ್ರ ಹಿಡಿದಿರುವ ರಾಜ್ಯದ ಇಲಾಖೆ, ಡಿ.ಎಸ್.ಇ.ಆರ್.ಟಿ., ಬನಶಂಕರಿ ಮೂರನೆಯ ಹಂತದಲ್ಲಿಯೇ ಇದೆ. ಹುಳಿಮಾವಿನಿಂದ ಅದು ಬಹು ದೂರವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಪ್ರತಿ ಉಪಾಧ್ಯಾಯರೂ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು ಲೆಕ್ಕವನ್ನೇ ಕೊಟ್ಟಿದೆ.

ಇವುಗಳ ಪ್ರಯೋಜನವನ್ನು ಅಲ್ಲಗಳೆಯಲಾಗದು. ಆದರೂ ಐವತ್ತು ಗಂಟೆಗಳ ಉಪನ್ಯಾಸ ಕೇಳಿದವಳಿಗೆ ಐವತ್ತೊಂದನೆಯ ಗಂಟೆಯಲ್ಲಿ ತರಗತಿಗೆ ಹಿಂದಿರುಗಿ ಆ ಮೂರನೆಯ ಸಾಲಿನ ಹುಡುಗನ ಎದುರು ಒಬ್ಬಳೇ ನಿಲ್ಲಬೇಕಾಗಿದೆ. ಸಭಾಂಗಣದಲ್ಲಿ ಕೇಳಿದ್ದು ಎಲ್ಲ ಮಕ್ಕಳ ವಿಷಯ. ಆಕೆಗೆ ಬೇಕಾದದ್ದು ಆ ಒಂದು ಮಗುವಿನ ವಿಷಯ. ಸರ್ಕಾರಿ ಭಾಷೆ ಈ ಕಾಲವನ್ನು ಕರೆಯುವ ರೀತಿಯಲ್ಲೇ ಒಂದು ಸೂಚನೆಯಿದೆ. 1977ರ ಸೇವಾ ನಿಯಮಗಳ ಪ್ರಕಾರ ಹೊಸ ನೌಕರರ ಮೊದಲ ಎರಡು ವರ್ಷ ‘ಪರೀಕ್ಷಾರ್ಥ ಅವಧಿ’. ಪರೀಕ್ಷೆ ಮಾಡುವವರು ಯಾರೆಂಬುದು ಸ್ಪಷ್ಟ. ಕಲಿಸುವವರು ಯಾರೆಂಬುದು ಆ ಹೆಸರಿನಲ್ಲಿ ಇಲ್ಲ.

ಖಾಸಗಿ ಶಾಲೆಗಳ ಮಾತೇ ಬೇರೆ. ಹುಳಿಮಾವಿನಂಥ ಬಡಾವಣೆಗಳಲ್ಲಿ ಹೊಸ ಉಪಾಧ್ಯಾಯಿನಿಯರಲ್ಲಿ ಅನೇಕರು ಕೆಲಸಕ್ಕೆ ಸೇರುವುದು ಅಲ್ಲಿಯೇ. ದೊಡ್ಡ ಶಾಲೆಗಳು ತಮ್ಮದೇ ಆದ ತರಬೇತಿಯನ್ನು ಏರ್ಪಡಿಸಿಯಾವು. ಬಾಡಿಗೆ ಕಟ್ಟಡದಲ್ಲಿ ನಡೆಯುವ ಸಣ್ಣ ಶಾಲೆಗೆ ಅಷ್ಟು ಹಣವೂ ಇಲ್ಲ, ವ್ಯವಧಾನವೂ ಇಲ್ಲ. ಅಲ್ಲಿ ಸೇರಿದವಳಿಗೆ ಸಮೂಹ ಕೇಂದ್ರದ ಕರೆಯೂ ಸಾಮಾನ್ಯವಾಗಿ ಬಾರದು.

ಹಾಗಾದರೆ ದಾರಿ ಯಾವುದು? ಕನ್ನಡ ನಾಡಿನ ಶಾಲೆಗಳ ಇತಿಹಾಸದಲ್ಲಿಯೇ ಅದರ ಗುರುತುಗಳಿವೆ. ಧಾರವಾಡ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ, ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯುತ್ತಿದ್ದ ಕಾಲದಲ್ಲಿ, ಹಳ್ಳಿಹಳ್ಳಿಗಳಲ್ಲಿ ಒಬ್ಬೊಬ್ಬರೇ ಇದ್ದ ಮಾಸ್ತರರಿಗಾಗಿ 1860ರ ದಶಕದಲ್ಲಿ ಒಂದು ಪತ್ರಿಕೆ ಆರಂಭವಾಯಿತು. ಶಾಲೆಯನ್ನು ಮಠವೆಂದು ಕರೆಯುತ್ತಿದ್ದುದರಿಂದ ಅದರ ಹೆಸರು ‘ಮಠ ಪತ್ರಿಕೆ’. ಮುಂದೆ ಹೆಸರು ಬದಲಾಗುತ್ತ ಬಂದು ಅದೇ ‘ಜೀವನ ಶಿಕ್ಷಣ’ವಾಯಿತು. ಬಸ್ಸಿಲ್ಲ, ಫೋನಿಲ್ಲ, ಪಕ್ಕದ ಊರಿನ ಮಾಸ್ತರನನ್ನು ಕಾಣಬೇಕೆಂದರೆ ದಿನವಿಡೀ ನಡೆಯಬೇಕಾದ ಕಾಲ. ಅಂಥ ಒಂಟಿ ಮಾಸ್ತರನಿಗೆ, ಇದೇ ಕೆಲಸ ಮಾಡುವವರು ಇನ್ನೂ ಇದ್ದಾರೆ, ಅವರೂ ಇದನ್ನೇ ಯೋಚಿಸುತ್ತಿದ್ದಾರೆ ಎಂಬ ಧೈರ್ಯವನ್ನು ಅಂಚೆಯಲ್ಲಿ ಬಂದ ನಾಲ್ಕು ಹಾಳೆಗಳು ಕೊಟ್ಟಿರಬೇಕು. ಉಪಾಧ್ಯಾಯನಿಗೆ ಮೊದಲು ಬೇಕಾದದ್ದು ಜೊತೆ ಎಂಬುದನ್ನು ಆ ಹಿರಿಯರು ಅರಿತಿದ್ದರು.

ಹತ್ತಿರದ ಕಾಲದ ನಿದರ್ಶನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯದು. 1995ರಲ್ಲಿ ಆ ಕಾಡಂಚಿನ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ಯುನಿಸೆಫ್ ಸಂಸ್ಥೆಯ ನೆರವಿನಿಂದ ‘ನಲಿ–ಕಲಿ’ಯನ್ನು ಆರಂಭಿಸಿದರು. ಆಂಧ್ರದ ಋಷಿವ್ಯಾಲಿಯ ಸುತ್ತಣ ಹಳ್ಳಿಶಾಲೆಗಳನ್ನು ನೋಡಿಬಂದು, ಅಲ್ಲಿಯ ಕಾರ್ಡುಗಳ ಕ್ರಮವನ್ನು ತಮ್ಮ ಮಕ್ಕಳ ಮಾತಿಗೂ ಹಾಡಿಗೂ ಹೊಂದುವಂತೆ ತಾವೇ ಕುಳಿತು ಹೊಸದಾಗಿ ಬರೆದರು. ಮಗು ಏಣಿಯ ಮೆಟ್ಟಿಲು ಹತ್ತಿದಂತೆ ತನ್ನ ವೇಗದಲ್ಲಿ ಒಂದೊಂದೇ ಹಂತ ಕಲಿಯುವ ಈ ಪದ್ಧತಿ 2009–10ರ ವೇಳೆಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂದಿತು. ಇದರ ಕಾರ್ಡುಗಳ ಬಗ್ಗೆ ಬಹಳ ಮಂದಿ ಬರೆದಿದ್ದಾರೆ. ಗಮನಿಸಬೇಕಾದದ್ದು ಇನ್ನೊಂದುಂಟು: ಆ ಉಪಾಧ್ಯಾಯರು ಒಟ್ಟಿಗೆ ಹೋದರು, ಒಟ್ಟಿಗೆ ನೋಡಿದರು, ತಮಗೆ ಬಾರದ್ದನ್ನು ಒಬ್ಬರ ಎದುರು ಒಬ್ಬರು ನಾಚಿಕೆಯಿಲ್ಲದೆ ಒಪ್ಪಿಕೊಂಡು ತಿದ್ದಿಕೊಂಡರು. ಕಾರ್ಡು ಅಚ್ಚು ಹಾಕಿಸಿ ಹಂಚುವುದು ಸುಲಭ. ಆ ಒಡನಾಟವನ್ನು ಹಂಚುವುದು ಕಷ್ಟ.

ಹೊರದೇಶಗಳು ಈ ಒಡನಾಟಕ್ಕೆ ನಿಯಮದ ಬಲ ಕೊಟ್ಟಿವೆ. ಜಪಾನಿನಲ್ಲಿ 1989ರಿಂದ ಹೊಸ ಉಪಾಧ್ಯಾಯರಿಗೆ ಮೊದಲ ವರ್ಷವಿಡೀ ಅನುಭವಿಯೊಬ್ಬರ ಮಾರ್ಗದರ್ಶನ ದೊರೆಯುವ ವ್ಯವಸ್ಥೆ ಬಂದಿದೆ. ಒಬ್ಬರ ಪಾಠವನ್ನು ಶಾಲೆಯ ಉಳಿದ ಉಪಾಧ್ಯಾಯರು ಹಿಂದೆ ಕುಳಿತು ನೋಡಿ, ಆ ಮೇಲೆ ಎಲ್ಲರೂ ಸೇರಿ ಚರ್ಚಿಸುವುದು ಅಲ್ಲಿ ಹಳೆಯ ರೂಢಿ. ಇಂಗ್ಲೆಂಡಿನಲ್ಲಿ ಒಂದು ವರ್ಷವಿದ್ದ ಇಂಥ ಪೋಷಣೆಯ ಅವಧಿಯನ್ನು 2021ರಿಂದ ಎರಡು ವರ್ಷಕ್ಕೆ ಏರಿಸಲಾಯಿತು. ಮೊದಲ ವರ್ಷ ಪಾಠದ ಹೊರೆಯಲ್ಲಿ ಶೇಕಡಾ 10, ಎರಡನೆಯ ವರ್ಷ ಶೇಕಡಾ 5ರಷ್ಟು ವಿನಾಯಿತಿ. ಜೊತೆಗೆ ಹೆಸರು ಹೇಳಿ ನೇಮಿಸಿದ ಒಬ್ಬ ಮಾರ್ಗದರ್ಶಿ. ಇಲ್ಲಿಯ ಲೆಕ್ಕದಲ್ಲಿ ಹೇಳುವುದಾದರೆ, ವಾರಕ್ಕೆ 40 ಪೀರಿಯಡ್ ಇರುವವಳಿಗೆ 4 ಪೀರಿಯಡ್ ಬಿಡುವು. ಎರಡು ದೇಶಗಳೂ ಕೊಡುತ್ತಿರುವುದು ಕೊಂಚ ಸಮಯ ಮತ್ತು ಒಬ್ಬ ಸಂಗಾತಿ, ಇಷ್ಟೇ.

ಇಷ್ಟರಿಂದ ಏನಾದೀತು ಎಂಬ ಸಂದೇಹ ಬಂದರೆ, ಹುಳಿಮಾವಿನ ಕಲ್ಪನೆಯ ಆ ಶಾಲೆಗೇ ಮರಳಬಹುದು. ನಿವೃತ್ತಿಗೆ ಸಮೀಪಿಸಿದ ಒಬ್ಬ ಹಿರಿಯ ಉಪಾಧ್ಯಾಯಿನಿ ಅಂದು ಬಿಡುವಿದ್ದುದರಿಂದ ತರುಣಿಯ ತರಗತಿಯಲ್ಲಿ ಅರ್ಧ ಗಂಟೆ ಕುಳಿತರೆಂದು ಭಾವಿಸಬಹುದು. ಘಂಟೆ ಹೊಡೆದ ಮೇಲೆ ಮೆಟ್ಟಿಲಿಳಿಯುತ್ತ ಅವರು ಕೇಳುತ್ತಾರೆ:

“ಆ ಮೂರನೇ ಸಾಲಿನ ಹುಡುಗ ಯಾರಮ್ಮ?”

“ಅವನು ಏನು ಕೇಳಿದರೂ ಮಾತಾಡೋದಿಲ್ಲ ಮೇಡಂ. ಏನು ಮಾಡಬೇಕೋ ತಿಳಿಯದಾಗಿದೆ.”

“ಮಾತಾಡೋದಿಲ್ಲ, ನಿಜ. ಆದರೆ ನೀನು ಹಲಗೆ ಮೇಲೆ ಲೆಕ್ಕ ಬರೆದಾಗ ಮೇಜಿನ ಕೆಳಗೆ ಬೆರಳು ಮಡಿಸ್ತಾ ಇದ್ದ. ಉತ್ತರ ಬಂದ ಕೂಡಲೇ ನಿಲ್ಲಿಸಿದ. ನೀನು ಹಲಗೆ ಕಡೆ ತಿರುಗಿದ್ದೆ, ನಿನಗೆ ಕಾಣಿಸಲಿಲ್ಲ.”

“ಹಾಗಾದರೆ ಅವನಿಗೆ ಬರುತ್ತೆಯೇ ಮೇಡಂ?”

“ಲೆಕ್ಕ ಬರುತ್ತೆ, ಕನ್ನಡ ಬರೋದಿಲ್ಲ. ನಾಳೆಯಿಂದ ಬಿಸಿಯೂಟದ ತಟ್ಟೆ ಎಣಿಸಿ ಇಡೋ ಕೆಲಸ ಅವನಿಗೆ ಕೊಡು. ಎಣಿಸುವಾಗ ಪಕ್ಕದಲ್ಲಿ ಒಬ್ಬ ಬಾಯಾಳಿ ಹುಡುಗನನ್ನ ನಿಲ್ಲಿಸು. ಒಂದು, ಎರಡು ಅಂತ ಅವನ ಬಾಯಲ್ಲೂ ತಾನಾಗಿ ಬಂದೀತು.”

ಇದರಲ್ಲಿ ಮನಶ್ಶಾಸ್ತ್ರದ ಯಾವ ಗಹನ ತತ್ತ್ವವೂ ಇಲ್ಲ. ಮೂವತ್ತು ವರ್ಷ ಮಕ್ಕಳನ್ನು ನೋಡಿದ ಕಣ್ಣಿದೆ. ಆ ಕಣ್ಣನ್ನು ಅರ್ಧ ಗಂಟೆ ಎರವಲು ಕೊಟ್ಟುದರಿಂದ ಮಂದಬುದ್ಧಿಯವನೆಂದು ಎಣಿಸಲಾಗಬಹುದಿದ್ದ ಒಬ್ಬ ಹುಡುಗ ಉಳಿದುಕೊಂಡ. ತರುಣಿಯೂ ಉಳಿದುಕೊಂಡಳು. ಇಂಥ ಹಿರಿಯರು ಇಲ್ಲದ ಶಾಲೆ ಇಲ್ಲವೆಂದರೂ ಸಲ್ಲುತ್ತದೆ. ಅವರು ನಿವೃತ್ತರಾಗಿ ಹೂಮಾಲೆ ಹಾಕಿಸಿಕೊಂಡು ಹೊರಟ ದಿನ, ಯಾರೂ ಬರೆದಿಡದ ಒಂದು ಗ್ರಂಥಭಂಡಾರವೇ ಅವರೊಂದಿಗೆ ಹೊರಟುಹೋಗುತ್ತದೆ.

ಆದುದರಿಂದ ಆದೇಶಕ್ಕೂ ಅನುದಾನಕ್ಕೂ ಕಾಯದೆ ಒಂದು ಶಾಲೆ ಮಾಡಬಹುದಾದ ಕೆಲಸಗಳು ಕೆಲವುಂಟು. ಸೇರಿದ ದಿನವೇ ಹೊಸಬಳಿಗೆ ಒಬ್ಬ ಹಿರಿಯ ಜೊತೆಗಾರ್ತಿಯನ್ನು ಗೊತ್ತುಮಾಡಬಹುದು. ವಾರಕ್ಕೆ ಒಂದು ಪೀರಿಯಡ್ ಹಿರಿಯರು ಕಿರಿಯಳ ತರಗತಿಯಲ್ಲಿ, ಇನ್ನೊಂದು ಪೀರಿಯಡ್ ಕಿರಿಯಳು ಹಿರಿಯರ ತರಗತಿಯಲ್ಲಿ ಕುಳಿತುಕೊಳ್ಳುವಂತೆ ವೇಳಾಪಟ್ಟಿಯನ್ನು ಹೊಂದಿಸಬಹುದು. ಅತಿ ಕಠಿಣವಾದ ತರಗತಿಯನ್ನು ಮೊದಲ ವರ್ಷ ತಪ್ಪಿಸಬಹುದು. ಸಮೂಹ ಕೇಂದ್ರದ ಸಮಾಲೋಚನಾ ಸಭೆಗಳಲ್ಲಿ ಸುತ್ತೋಲೆ ಓದುವುದಕ್ಕೆ ಹಿಡಿಯುವ ಸಮಯದಲ್ಲಿ ಕಾಲು ಭಾಗವನ್ನಾದರೂ ಹೊಸಬರ ಪ್ರಶ್ನೆಗಳಿಗೆ ಮೀಸಲಿಟ್ಟು, ನೆರೆಯ ಖಾಸಗಿ ಶಾಲೆಗಳ ಹೊಸಬರನ್ನೂ ಕರೆಯಬಹುದು. ಜಯನಗರದಲ್ಲಿ 1954ರಿಂದ ನಡೆಯುತ್ತಿರುವ ಆರ್.ವಿ. ಟೀಚರ್ಸ್ ಕಾಲೇಜಿನಂಥ ಸಂಸ್ಥೆಗಳು ನಗರದ ಈ ಭಾಗದಲ್ಲಿಯೇ ಇವೆ. ಪದವಿ ಕೊಟ್ಟು ಕಳುಹಿಸಿದ ಮಕ್ಕಳನ್ನು ಯಾವ ಕಾಲೇಜಾದರೂ ವರ್ಷಕ್ಕೆ ಎರಡು ಸಲ ತವರಿಗೆ ಕರೆದಂತೆ ಕರೆದು, ‘ನಾವು ಹೇಳಿಕೊಟ್ಟದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ?’ ಎಂದು ಕೇಳಿದರೆ, ಕಾಲೇಜಿಗೂ ಅದರಿಂದ ಕಲಿಯುವುದು ಇದ್ದೀತು.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಜೊತೆಗಾರ್ತಿಯ ಕೈಗೆ ಗೋಪ್ಯ ವರದಿಯ ಹಾಳೆಯನ್ನು ಕೊಡಬಾರದು. ಯಾರು ಅಂಕ ಹಾಕುತ್ತಾರೋ ಅವರ ಮುಂದೆ ಯಾರೂ ತಮ್ಮ ಅಜ್ಞಾನವನ್ನು ಬಿಚ್ಚಿಡುವುದಿಲ್ಲ. ಅಧಿಕಾರಿ ಬರುವ ದಿನ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಿ ನಿಲ್ಲಿಸುವ ಸಂಪ್ರದಾಯ ಹುಟ್ಟಿದ್ದೇ ಈ ಭಯದಿಂದ. ತಪಾಸಣೆಗೆ ತಪಾಸಣೆಯ ಸ್ಥಾನವಿದೆ. ಹೊಸಬಳ ಪಕ್ಕದಲ್ಲಿ ಕುಳಿತವರ ಕೈ ಬರಿದಾಗಿರಬೇಕು.

ಇನ್ನು ಮನೆಯವರ ಪಾಲು. ‘ಟೀಚರ್ ಕೆಲಸವೆಂದರೆ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ್ದು, ನಾಲ್ಕು ಗಂಟೆಗೆ ಮನೆಗೆ ಬರಬಹುದು’ ಎಂಬ ಮಾತನ್ನು ವರಾನ್ವೇಷಣೆಯ ಕಾಲದಲ್ಲಿ ಕೇಳದವರಿಲ್ಲ. ನಾಲ್ಕು ಗಂಟೆಗೆ ಬರುವುದು ಆಕೆಯ ದೇಹ. ಜೊತೆಗೆ ನಲವತ್ತು ಪುಸ್ತಕಗಳೂ, ಆ ಮಾತಾಡದ ಹುಡುಗನೂ ಬಂದಿರುತ್ತಾರೆ. ಮೊದಲ ವರ್ಷ ಸೊಸೆಯೋ ಮಗಳೋ ಊಟದ ಮೇಜಿನ ಮೇಲೆ ಪುಸ್ತಕ ಹರಡಿದಾಗ ಅತ್ತೆಯವರು ಒಲೆಯ ಹೊಣೆಯನ್ನು ಒಂದು ಗಂಟೆ ತಾವು ವಹಿಸಿಕೊಂಡರೆ, ಪತಿಯಾದವನು ‘ಇವತ್ತು ತರಗತಿಯಲ್ಲಿ ಏನಾಯಿತು?’ ಎಂದು ಕೇಳಿ ಉತ್ತರ ಮುಗಿಯುವವರೆಗೆ ಕಿವಿಗೊಟ್ಟರೆ, ಅದು ಯಾವ ತರಬೇತಿ ಶಿಬಿರಕ್ಕೂ ಕಡಿಮೆಯಾದ ನೆರವಲ್ಲ.

ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳದೂ ಒಂದು ಪಾತ್ರವಿದೆ. ವಸತಿ ಸಮುಚ್ಚಯಗಳ ವಾಟ್ಸಾಪ್ ಗುಂಪುಗಳಲ್ಲಿ ‘ಹೊಸ ಮಿಸ್ ಸರಿಯಿಲ್ಲ’ ಎಂಬ ತೀರ್ಪು ಜುಲೈ ತಿಂಗಳಿಗೆ ಮುಂಚೆಯೇ ಹೊರಬೀಳುವುದುಂಟು. ಆ ಸಂದೇಶ ಬರೆದ ತಾಯಿಗೂ ಎಲ್ಲೋ ಒಂದು ಕಚೇರಿಯಲ್ಲಿ ಮೊದಲ ತಿಂಗಳಿದ್ದೇ ಇತ್ತು. ಅಲ್ಲಿ ಫೈಲು ಹುಡುಕಿಕೊಟ್ಟ ಒಬ್ಬ ಹಿರಿಯ ಗುಮಾಸ್ತರೂ ಇದ್ದಿರಬೇಕು. ದೂರಿದ್ದರೆ ನೇರವಾಗಿ ಹೋಗಿ ಸಮಾಧಾನದಿಂದ ಹೇಳುವುದು ಉತ್ತಮ. ಮಗು ಮನೆಯಲ್ಲಿ ‘ನಮ್ಮ ಮಿಸ್ ಇವತ್ತು ಚೆನ್ನಾಗಿ ಕಥೆ ಹೇಳಿದರು’ ಎಂದು ಹೇಳಿದ ದಿನ ಅದನ್ನೂ ಆಕೆಗೆ ತಿಳಿಸುವುದು ಇನ್ನೂ ಉತ್ತಮ. ಹೊಸ ಉಪಾಧ್ಯಾಯಿನಿಗೆ ತಪ್ಪು ತೋರಿಸುವವರು ಬಹಳ. ಸರಿಯಾದದ್ದು ಸರಿಯಾಯಿತೆಂದು ಹೇಳುವವರಿಲ್ಲದೆ, ತಾನು ಮಾಡಿದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬುದೇ ಆಕೆಗೆ ತಿಳಿಯದೆ ಹೋಗುತ್ತದೆ.

ಬರುವ ಜೂನ್ ತಿಂಗಳಲ್ಲಿಯೂ ಹುಳಿಮಾವಿನ ಬಸ್ ನಿಲ್ದಾಣದಲ್ಲಿ ಹೊಸ ಕೈಚೀಲ ಹಿಡಿದ ತರುಣಿಯರು ನಿಂತಿರುತ್ತಾರೆ. ಅವರಲ್ಲಿ ಯಾರು ಮುಂದೆ ಮಕ್ಕಳು ನಲವತ್ತು ವರ್ಷವಾದರೂ ಮರೆಯದ ಉಪಾಧ್ಯಾಯಿನಿಯಾಗುತ್ತಾರೆ, ಯಾರು ಕೋಲು ಕುಟ್ಟುವುದರಲ್ಲಿಯೇ ದಿನ ಕಳೆಯುತ್ತಾರೆ ಎಂಬುದು ಅವರ ಅಂಕಪಟ್ಟಿಯಿಂದ ತಿಳಿಯುವುದಿಲ್ಲ. ಒಳಗೆ ಕಾಲಿಟ್ಟ ಮೊದಲ ವರ್ಷ ಪಕ್ಕದ ಕೊಠಡಿಯ ಬಾಗಿಲು ಅವರಿಗಾಗಿ ತೆರೆದಿತ್ತೇ ಎಂಬುದರ ಮೇಲೆ ಅದು ಬಹುಮಟ್ಟಿಗೆ ನಿಂತಿದೆ. ಕಾಯಿ ಒಳ್ಳೆಯದೇ ಇದೆ. ಅಡೆ ಹಾಕುವ ಸಹನೆ ಹಿರಿಯರಿಗಿರಬೇಕು.